ಅಕ್ಕನ ಎರಡು ಜನ್ಮದಿನಗಳು

ಈ ಪುಟದಲ್ಲಿ ವಾರ ವಾರವೂ ಲೋಕದ ತಪ್ಪುಗಳನ್ನು ಎತ್ತಿ ಆಡುತ್ತ ಬಂದಿರುವ ನಾನು ಈ ಸಲ ನನ್ನದೇ ಒಂದು ತಪ್ಪನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಇದರಿಂದ ನನ್ನ ಗೌರವವೇನೂ ಹೆಚ್ಚಲಾರದು. ಆದರೆ ಬರುವ ರಜೆಯಲ್ಲಿ ಮಕ್ಕಳನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ವಿದೇಶ ಯಾತ್ರೆಗೆ ಹೊರಡಬೇಕೆಂದಿರುವ ಸಂಸಾರವಂದಿಗರಿಗೆ ಒಂದಿಷ್ಟು ಉಪಕಾರವಾದೀತು. ತಪ್ಪು ನಡೆದದ್ದು ಯಾವ ಕಚೇರಿಯಲ್ಲಿಯೂ ಅಲ್ಲ, ನಮ್ಮ ಮನೆಯ ಊಟದ ಮೇಜಿನ ಮೇಲೆ. ಮಾಡಿದವನು ಯಾವ ಗುಮಾಸ್ತೆಯೂ ಅಲ್ಲ, ನಾನೇ.

ನನ್ನ ಅಕ್ಕ ಮೈಸೂರಿನಲ್ಲಿದ್ದಾಳೆ. ಸರಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಇತಿಹಾಸವನ್ನು ಬೋಧಿಸಿ ನಿವೃತ್ತಳಾದವಳು. ಪಠ್ಯಪುಸ್ತಕದಲ್ಲಿ 'ಬೃಹತ್ ಭಾರತ' ಎಂಬ ತಲೆಬರಹದ ಕೆಳಗೆ ಎರಡೇ ಸಾಲುಗಳಲ್ಲಿ ಮುಗಿದುಹೋಗುವ ಚಂಪಾ ರಾಜ್ಯದ ಮಾತನ್ನು ಅವಳು ಎರಡು ಪಾಠಗಳಷ್ಟು ಬೆಳೆಸಿ ಹೇಳುತ್ತಿದ್ದಳಂತೆ. ಇಂದಿನ ವಿಯೆಟ್ನಾಂ ದೇಶದ ನಡುಭಾಗದಲ್ಲಿ ಹಿಂದೆ ಆ ರಾಜ್ಯವಿದ್ದಿತು. ಅಲ್ಲಿಯ ಅರಸರು ಸಂಸ್ಕೃತದ ಹೆಸರುಗಳನ್ನು ಧರಿಸಿ, ಸಂಸ್ಕೃತದಲ್ಲಿ ಶಾಸನಗಳನ್ನು ಕೆತ್ತಿಸಿ, ಶಿವನನ್ನು ಪೂಜಿಸುತ್ತಿದ್ದರು. ಭದ್ರವರ್ಮನೆಂಬ ಅರಸ ನಾಲ್ಕನೆಯ ಶತಮಾನದ ಸುಮಾರಿಗೆ ಮೀ ಸನ್ ಎಂಬ ಕಣಿವೆಯಲ್ಲಿ ಭದ್ರೇಶ್ವರನಿಗೆ ಗುಡಿ ಕಟ್ಟಿಸಿದ. ಅಲ್ಲಿಂದ ಮುಂದೆ ಹದಿಮೂರನೆಯ ಶತಮಾನದವರೆಗೂ ಆ ಕಣಿವೆಯಲ್ಲಿ ಇಟ್ಟಿಗೆಯ ಗೋಪುರಗಳು ಒಂದರ ಪಕ್ಕದಲ್ಲೊಂದು ಏಳುತ್ತ ಬಂದುವು. 1969ರಲ್ಲಿ ಅಮೆರಿಕದ ವಿಮಾನಗಳು ಸುರಿಸಿದ ಬಾಂಬುಗಳಿಗೆ ಅವುಗಳಲ್ಲಿ ಅತ್ಯಂತ ಭವ್ಯವಾದದ್ದು ಉರುಳಿತು. ಉಳಿದವನ್ನು 1999ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಭಾರತೀಯ ಪುರಾತತ್ತ್ವ ಸರ್ವೇಕ್ಷಣದವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನೊಳಗಿಂದ ಹೊರಬಂದಿತು. ಪತ್ರಿಕೆಯಲ್ಲಿ ಬಂದ ಆ ಚಿತ್ರವನ್ನು ಅಕ್ಕ ಕತ್ತರಿಸಿ ದೇವರ ಮನೆಯ ಗೋಡೆಗೆ ಅಂಟಿಸಿಕೊಂಡಿದ್ದಳು.

"ಒಂದು ಸಲ ಹೋಗಿ ನೋಡಬೇಕು ಕಣೋ" ಎನ್ನುವಳು. ಭಾವನವರು ಇದ್ದಾಗಲೂ ಎನ್ನುತ್ತಿದ್ದಳು. ಅವರು ಹೋದಮೇಲೂ ಎನ್ನುತ್ತಿದ್ದಳು. ವರ್ಷಗಳು ಉರುಳಿದಂತೆ ಆ ಮಾತಿನ ಕೊನೆಯಲ್ಲಿ ಒಂದು ನಿಟ್ಟುಸಿರೂ ಸೇರಿಕೊಂಡಿತು. ಹೋದ ವರ್ಷ ನನ್ನ ಹೆಂಡತಿ ಒಂದು ದಿನ ನೆಟ್ಟಗೆ ನನ್ನನ್ನೇ ಕೇಳಿದಳು: "ಅಕ್ಕನ ಮಂಡಿ ಇನ್ನೂ ಎಷ್ಟು ದಿನ ಮೆಟ್ಟಿಲು ಹತ್ತುತ್ತದೆ ಅಂದುಕೊಂಡಿದ್ದೀರಿ?" ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮೂವರೂ ಹೊರಡುವುದೆಂದು ನಿಶ್ಚಯವಾಯಿತು.

ವಿದೇಶವೆಂದ ಕೂಡಲೆ ನನಗೆ ನೆನಪಾದುದು ವೀಸಾ. ಈ ಮಾತು ಲ್ಯಾಟಿನ್ ಭಾಷೆಯ 'ಕಾರ್ತಾ ವೀಸಾ' ಎಂಬುದರಿಂದ ಬಂದದ್ದು. ಹಾಗೆಂದರೆ 'ಕಂಡ ಕಾಗದ'. ಪರದೇಶದ ಅಧಿಕಾರಿಯೊಬ್ಬ ನಮ್ಮ ರಹದಾರಿಯನ್ನು, ಎಂದರೆ ಪಾಸ್‌ಪೋರ್ಟನ್ನು, ತೆರೆದು ನೋಡಿದ್ದೇನೆ, ಈತ ಬರಬಹುದು ಎಂದು ಗುರುತು ಹಾಕಿಕೊಡುವುದೇ ವೀಸಾ. ನಮ್ಮ ಕಾಲದಲ್ಲಿ ಅದಕ್ಕಾಗಿ ಚೆನ್ನೈಗೋ ದೆಹಲಿಗೋ ಹೋಗಿ ರಾಯಭಾರ ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲಬೇಕು. ಇಲ್ಲವೆ ದಳ್ಳಾಳಿಯ ಕೈಗೆ ಪಾಸ್‌ಪೋರ್ಟನ್ನು ಒಪ್ಪಿಸಿ, ಅದು ಹಿಂದಿರುಗುವವರೆಗೂ ದಿನವೆಣಿಸಬೇಕು. ಇದನ್ನೆಲ್ಲ ನಾನು ವಿವರಿಸತೊಡಗಿದಾಗ ಮಗಳು ನಕ್ಕಳು. "ಅಪ್ಪಾ, ಆ ಕಾಲ ಹೋಯಿತು. ಈಗ ಇಲ್ಲೇ ಕುಳಿತು ಅರ್ಜಿ ಹಾಕಬಹುದು. ವೀಸಾ ಇ-ಮೇಲಿನಲ್ಲಿ ಬರುತ್ತದೆ."

ಅವಳು ಹೇಳಿದ್ದು ನಿಜ. ಆಸ್ಟ್ರೇಲಿಯದವರು 1996ರಷ್ಟು ಹಿಂದೆಯೇ ಪ್ರವಾಸಿಗಳಿಗೆ ವಿದ್ಯುನ್ಮಾನ ಅನುಮತಿಯನ್ನು ಕೊಡಲು ತೊಡಗಿದ್ದರು. ಶ್ರೀಲಂಕಾ 2012ರಲ್ಲಿ ಅದನ್ನು ಆರಂಭಿಸಿತು. ನಮ್ಮ ಭಾರತ ಸರಕಾರವೂ 2014ರ ನವೆಂಬರ್ 27ರಂದು 43 ದೇಶಗಳ ಪ್ರವಾಸಿಗಳಿಗೆ ಈ ಬಾಗಿಲನ್ನು ತೆರೆಯಿತು. ಹಾಗೆ ಬಂದವರು ಇಳಿಯಬಹುದೆಂದು ಮೊದಲಿಗೆ ಗೊತ್ತುಮಾಡಿದ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ನಮ್ಮ ಬೆಂಗಳೂರಿನದೂ ಒಂದು. ವಿಯೆಟ್ನಾಮಿನವರು 2017ರಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿ, 2023ರ ಆಗಸ್ಟ್ 15ರಿಂದ ಎಲ್ಲ ದೇಶಗಳವರಿಗೂ ಅದನ್ನು ವಿಸ್ತರಿಸಿದರು. ತೊಂಬತ್ತು ದಿನಗಳವರೆಗೆ ಇರಬಹುದು. ಒಂದೇ ಸಲ ಪ್ರವೇಶಿಸುವುದಾದರೆ ಶುಲ್ಕ 25 ಡಾಲರು, ಹಲವು ಸಲವಾದರೆ 50. ಕೆಲಸದ ದಿನಗಳು ಮೂರು ಕಳೆದರೆ ಉತ್ತರ. ಅರ್ಜಿ ತಿರಸ್ಕೃತವಾದರೂ ಶುಲ್ಕ ಮಾತ್ರ ಹಿಂದಕ್ಕೆ ಬಾರದು.

ಇಷ್ಟು ಸುಲಭವಾದ ಮೇಲೆ ಮಗಳೇಕೆ, ನಾನೇ ಮಾಡುತ್ತೇನೆಂದು ಗಣಕಯಂತ್ರದ ಮುಂದೆ ಕುಳಿತೆ. ವಿಯೆಟ್ನಾಂ ವೀಸಾ ಎಂದು ಹುಡುಕಿದೊಡನೆ ಮೊದಲು ಕಂಡ ಜಾಲತಾಣವನ್ನು ತೆರೆದೆ. ಆ ದೇಶದ ಕೆಂಪು ಬಾವುಟ, ಹಳದಿ ನಕ್ಷತ್ರ, ಒಂದು ತಾವರೆಯ ಹೂವು, ಎಲ್ಲವೂ ಅಲ್ಲಿದ್ದುವು. ಶುಲ್ಕ ಮಾತ್ರ 25 ಡಾಲರಿನ ಮೂರು ಪಟ್ಟಿಗೆ ಹತ್ತಿರ. ಬೆಲೆ ಏರದ ಪದಾರ್ಥ ಯಾವುದಿದೆ ಎಂದುಕೊಂಡು ಹಣ ಕಟ್ಟಲು ಹೊರಟವನನ್ನು ಮಗಳು ತಡೆದಳು. "ಅಪ್ಪಾ, ವಿಳಾಸದ ಬಾಲ ನೋಡಿ."

ವಿಳಾಸದ ಬಾಲವನ್ನು ನೋಡುವ ಪದ್ಧತಿಯನ್ನು ಆ ದಿನ ಕಲಿತೆ. ವಿಯೆಟ್ನಾಂ ಸರಕಾರದ ಜಾಲತಾಣದ ವಿಳಾಸ 'ಗವ್ ಡಾಟ್ ವಿಎನ್' ಎಂದು ಮುಗಿಯುತ್ತದೆ, ನಮ್ಮ ಭಾರತ ಸರಕಾರದ್ದು 'ಗವ್ ಡಾಟ್ ಇನ್' ಎಂದು ಮುಗಿಯುವಂತೆಯೇ. ನಾನು ಹೊಕ್ಕಿದ್ದ ತಾಣದ ವಿಳಾಸಕ್ಕೆ ಅಂಥ ಬಾಲವಿರಲಿಲ್ಲ. ಇಂಥ ಅಂಗಡಿಗಳಲ್ಲಿ ಕೆಲವು ದಳ್ಳಾಳಿಗಳವು. ನಮ್ಮ ಅರ್ಜಿಯನ್ನು ತಾವು ತುಂಬಿ ಸರಕಾರಕ್ಕೆ ಕಳುಹಿಸಿ ಕೂಲಿ ತೆಗೆದುಕೊಳ್ಳುತ್ತಾರೆ. ಇನ್ನು ಕೆಲವು ಶುದ್ಧ ಕಳ್ಳರವು. ಹೊರಗಿನಿಂದ ನೋಡುವವರಿಗೆ ಇಬ್ಬರದೂ ಒಂದೇ ವೇಷ. ಬಾಗಿಲಿಗೆ ಬಾವುಟ ಕಟ್ಟಿದ ಮಾತ್ರಕ್ಕೆ ಅದು ಸರಕಾರಿ ಕಚೇರಿಯಾಗುವುದಿಲ್ಲ. ಹಣಕ್ಕಿಂತಲೂ ಹೆಚ್ಚಿನ ಅಪಾಯವೆಂದರೆ, ನಮ್ಮ ಪಾಸ್‌ಪೋರ್ಟಿನ ಚಿತ್ರವನ್ನೂ ಹುಟ್ಟಿದ ದಿನವನ್ನೂ ಗುರುತಿಲ್ಲದವರ ಕೈಯಲ್ಲಿಟ್ಟು ಬರುವುದು.

ಸರಿಯಾದ ಬಾಗಿಲನ್ನು ಮಗಳೇ ತೋರಿಸಿಕೊಟ್ಟು, ನನ್ನದನ್ನೂ ನನ್ನ ಹೆಂಡತಿಯದನ್ನೂ ತಾನೇ ತುಂಬಿದಳು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಎರಡು ಚಿತ್ರಗಳು ಬೇಕು: ಒಂದು, ಕನ್ನಡಕವಿಲ್ಲದೆ ನೇರವಾಗಿ ನೋಡುತ್ತಿರುವ ಮುಖದ್ದು, ಇನ್ನೊಂದು, ಪಾಸ್‌ಪೋರ್ಟಿನಲ್ಲಿ ನಮ್ಮ ವಿವರಗಳಿರುವ ಪುಟದ್ದು. ಆ ಪುಟದ ಅಡಿಯಲ್ಲಿ ಬಾಣದ ಮೊನೆಗಳಂಥ ಗುರುತುಗಳೊಡನೆ ಎರಡು ಸಾಲುಗಳಿರುವುದನ್ನು ವಾಚಕರು ಕಂಡಿರಬಹುದು. ಒಂದೊಂದು ಸಾಲಿನಲ್ಲಿಯೂ 44 ಅಕ್ಷರಸ್ಥಾನಗಳು. ವಿಮಾನ ನಿಲ್ದಾಣದ ಯಂತ್ರ ಓದುವುದು ಅದನ್ನೇ; ಆದ್ದರಿಂದ ಆ ಸಾಲುಗಳು ಚಿತ್ರದಲ್ಲಿ ಮಸುಕಾಗದೆ, ತುದಿ ಕತ್ತರಿಸಿಹೋಗದೆ ಇರಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಯಾವ ದಿನದಿಂದ ಯಾವ ದಿನದವರೆಗೆ ವೀಸಾ ಬೇಕು, ಯಾವ ನಿಲ್ದಾಣದಲ್ಲಿ ಇಳಿಯುವಿರಿ, ಯಾವುದರಿಂದ ಹೊರಡುವಿರಿ, ಅಲ್ಲಿ ತಂಗುವ ಮನೆಯ ವಿಳಾಸವೇನು, ಆಪತ್ತು ಬಂದರೆ ಯಾರಿಗೆ ತಿಳಿಸಬೇಕು ಎಂದೆಲ್ಲ ಕೇಳುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು. ನಮ್ಮ ಕಡೆ ಬಹಳ ಮಂದಿಗೆ ಮನೆತನದ ಹೆಸರೆಂಬುದೇ ಇಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು. ಪಾಸ್‌ಪೋರ್ಟಿನಲ್ಲಾದರೋ ಈ ಒಂಟಿ ಅಕ್ಷರಗಳಿಗೆ ಎಡೆಯಿಲ್ಲ, ಅವನ್ನು ಬಿಡಿಸಿ ಬರೆಯಬೇಕು. ಹೀಗಾಗಿ ಒಬ್ಬನಿಗೆ ತಂದೆಯ ಹೆಸರೇ ಮನೆತನದ ಹೆಸರಾಗಿದ್ದರೆ, ಮತ್ತೊಬ್ಬನಿಗೆ ತಾನು ಕಂಡೂ ಇಲ್ಲದ ಮುತ್ತಾತನ ಊರು ಮನೆತನವಾಗಿರುತ್ತದೆ. ಕೆಲವರಿಗೆ ಆ ಸ್ಥಾನ ಬರಿದು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ದೇಶದವರು ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರು ಪ್ರವಾಸಿ ವೀಸಾದ ಮೇಲೆ ಬರುವಂತಿಲ್ಲವೆಂದು ಸಾರಿದಾಗ ದಕ್ಷಿಣದ ಎಷ್ಟೋ ಮನೆಗಳಲ್ಲಿ ಗಾಬರಿಯಾಯಿತು. ಬಳಿಕ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರಾಗುವುದೆಂದು ಅದನ್ನು ಸಡಿಲಿಸಿದರು. "ನಿಮ್ಮ ಹೆಸರೇನು ಎಂದು ಯೋಚಿಸಬೇಡಿ, ಅಪ್ಪಾ. ಪಾಸ್‌ಪೋರ್ಟಿನಲ್ಲಿ ಏನಿದೆ ಅದನ್ನು ನೋಡಿ ಬರೆಯಬೇಕು, ಅಷ್ಟೆ" ಎಂದಳು ಮಗಳು.

ಈ ಒಂದು ಮಾತನ್ನು ನಾನು ನೆಟ್ಟಗೆ ಕಿವಿಗೆ ಹಾಕಿಕೊಂಡಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಅವಳ ಕಚೇರಿಯಿಂದ ಕರೆ ಬಂದಿತು. "ಅತ್ತೆಯದನ್ನು ರಾತ್ರಿ ಬಂದು ತುಂಬುತ್ತೇನೆ" ಎಂದು ಹೊರಟುಹೋದಳು. ರಾತ್ರಿಯವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಅಕ್ಕ ಮೈಸೂರಿನಿಂದ ಪಾಸ್‌ಪೋರ್ಟಿನ ಪುಟದ ಚಿತ್ರವನ್ನು ಕಳುಹಿಸಿದ್ದಳು. ಅದನ್ನು ಜಾಲತಾಣಕ್ಕೆ ಏರಿಸಿದೆ. ಹೆಸರನ್ನು ಅದರಲ್ಲಿದ್ದಂತೆಯೇ ಅಕ್ಷರ ಅಕ್ಷರವಾಗಿ ಬರೆದೆ. ಪಾಸ್‌ಪೋರ್ಟಿನ ಸಂಖ್ಯೆ, ಒಂದು ಅಕ್ಷರ ಮತ್ತು ಏಳು ಅಂಕೆಗಳು, ಭೂತಗಾಜು ಹಿಡಿದು ಎರಡು ಸಲ ನೋಡಿ ಬರೆದೆ. ಹುಟ್ಟಿದ ದಿನದ ಮನೆಗೆ ಬಂದಾಗ ಮಾತ್ರ ಭೂತಗಾಜನ್ನು ಕೆಳಗಿಟ್ಟೆ. ಒಡಹುಟ್ಟಿದ ಅಕ್ಕನ ಹುಟ್ಟಿದ ದಿನವನ್ನು ತಮ್ಮನಾದವನು ನೋಡಿ ಬರೆಯಬೇಕೆ? ವರ್ಷ ವರ್ಷವೂ ನಾಗರಪಂಚಮಿಯ ಹೊತ್ತಿಗೆ ನಾನು ಅವಳಿಗೆ ಸೀರೆ ಕಳುಹಿಸುವ ಆಗಸ್ಟ್ ತಿಂಗಳ ಆ ತಾರೀಖನ್ನು ಕಣ್ಣು ಮುಚ್ಚಿಕೊಂಡು ಬರೆದೆ. ಮೇಲೆ ಹೇಳಿದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡುವಿರಾ ಎಂದು ಕೊನೆಯಲ್ಲಿ ಕೇಳಿದರು. ನಿರ್ಮಲವಾದ ಮನಸ್ಸಿನಿಂದ ಹೌದೆಂದು ಗುರುತು ಹಾಕಿದೆ.

ಹಣ ಕಟ್ಟುವಾಗಲೂ ಒಂದು ಸಣ್ಣ ಅಡ್ಡಿ ಬಂದಿತು. ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳು 2020ರಿಂದೀಚೆಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊದಲಿಗೆ ಸ್ವದೇಶದಲ್ಲಿ ಮಾತ್ರ ನಡೆಯುತ್ತವೆ. ಪರದೇಶಕ್ಕೆ ಹಣ ಸಲ್ಲಬೇಕಾದರೆ ಆ ಸೌಕರ್ಯವನ್ನು ನಾವೇ ಕೇಳಿ ತೆರೆಯಿಸಿಕೊಳ್ಳಬೇಕು. ಅದನ್ನೂ ಮಾಡಿ ಮುಗಿಸಿ, ಅವರು ಕೊಟ್ಟ ನೋಂದಣಿಯ ಸಂಕೇತವನ್ನು ಬರೆದುಕೊಂಡೆ. ಕೆಲವು ದಿನಗಳಲ್ಲಿ ಮೂರು ವೀಸಾಗಳೂ ಬಂದುವು. ತಲಾ ಎರಡು ಪ್ರತಿಗಳನ್ನು ಅಚ್ಚುಹಾಕಿಸಿ, ಒಂದು ಕಡತದಲ್ಲಿಟ್ಟು, ಓದದೆ ಮುಚ್ಚಿದೆ.

ನಮ್ಮ ವಿಮಾನ ಹೊರಡುವುದು ಬುಧವಾರ ರಾತ್ರಿ ಹನ್ನೊಂದೂ ಮುಕ್ಕಾಲಕ್ಕೆ. ಹಿಂದಿನ ಶುಕ್ರವಾರ ಸಂಜೆ ಅಕ್ಕ ಮೈಸೂರಿನಿಂದ ಬಂದಳು. ಕೈಯಲ್ಲಿ ಒಂದು ಡಬ್ಬ ಕೋಡುಬಳೆ, ಒಂದು ಡಬ್ಬ ಚಟ್ನಿಪುಡಿ, ಚಂಪಾ ರಾಜ್ಯದ ವಿಷಯ ಬರೆದುಕೊಂಡ ಹಳೆಯ ನೋಟು ಪುಸ್ತಕ. ಕಾಫಿ ಕುಡಿದು, ಕನ್ನಡಕವನ್ನು ಒರೆಸಿ ಹಾಕಿಕೊಂಡು, "ಎಲ್ಲಿ, ಕಾಗದಪತ್ರ ಕೊಡು" ಎಂದಳು. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವಳು. ಕೈಗೆ ಬಂದ ಯಾವ ಕಾಗದವನ್ನೂ ಓದದೆ ಕೆಳಗಿಡುವವಳಲ್ಲ. ಪಾಸ್‌ಪೋರ್ಟನ್ನು ಎಡಗಡೆ, ವೀಸಾವನ್ನು ಬಲಗಡೆ ಇಟ್ಟುಕೊಂಡು ಬೆರಳಿಟ್ಟು ಓದತೊಡಗಿದಳು. ನನ್ನದಾಯಿತು. ನನ್ನ ಹೆಂಡತಿಯದಾಯಿತು. ತನ್ನದಕ್ಕೆ ಬಂದಾಗ ಬೆರಳು ನಿಂತಿತು.

"ಇದು ಯಾರ ಹುಟ್ಟಿದ ದಿನ ಕಣೋ?"

"ನಿನ್ನದೇ."

"ನನ್ನದು ಹೌದು. ನನ್ನ ಪಾಸ್‌ಪೋರ್ಟಿನದಲ್ಲ."

ಪಾಸ್‌ಪೋರ್ಟಿನಲ್ಲಿ 1956ನೆಯ ಇಸವಿ ಜೂನ್ 1 ಎಂದಿತ್ತು.

ನಮ್ಮ ತಲೆಮಾರಿನ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಜನನ ಮರಣಗಳನ್ನು ನೋಂದಾಯಿಸಬೇಕೆಂದು ದೇಶಕ್ಕೆಲ್ಲ ಒಂದೇ ಕಾನೂನು ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ಮಗುವಿನ ದಾಖಲೆಯೆಂದರೆ ತಂದೆ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟುಕೊಂಡ ಒಂದು ಸಾಲು. ಅಕ್ಕ ಹುಟ್ಟಿದ್ದು ಶ್ರಾವಣದಲ್ಲಿ, ನಾಗರಪಂಚಮಿಯ ಮರುದಿನ. ಅಪ್ಪ ಹಾಗೆಂದು ಬರೆದಿಟ್ಟಿದ್ದರು. ಅವಳನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ವಯಸ್ಸು ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಕಡಿಮೆ ಬಿದ್ದಿತು. ಮುಖ್ಯೋಪಾಧ್ಯಾಯರು, ಪುಣ್ಯಾತ್ಮರು, ಮಗುವಿಗೆ ಒಂದು ವರ್ಷ ನಷ್ಟವಾಗಬಾರದೆಂದು, ಶಾಲೆ ತೆರೆಯುವ ತಿಂಗಳಾದ ಜೂನಿನ ಮೊದಲನೆಯ ತಾರೀಖನ್ನೇ ಹುಟ್ಟಿದ ದಿನವೆಂದು ಬರೆದುಕೊಂಡರು. ಅಂದು ಒಂದು ಗೀಟಿನಲ್ಲಿ ಮುಗಿದ ಆ ಉಪಕಾರ ಅವಳ ಬಾಳೆಲ್ಲ ಹಿಂದೆ ಬಂದಿತು. ಅಂಕಪಟ್ಟಿಯಲ್ಲಿ ಅದೇ, ಸೇವಾ ಪುಸ್ತಕದಲ್ಲಿ ಅದೇ, ಪಾಸ್‌ಪೋರ್ಟಿನಲ್ಲಿ ಅದೇ. ನಮ್ಮ ರಾಜ್ಯದ ಸರಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ಹುಟ್ಟಿದ್ದು ಒಂದನೆಯ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಹೊರಡಬೇಕು. ಆಗಸ್ಟ್ ಕೊನೆಯವರೆಗೂ ಪಾಠ ಹೇಳಬೇಕಾಗಿದ್ದ ಅಕ್ಕ 2016ರ ಮೇ 31ರಂದೇ ಹಾರ ಹಾಕಿಸಿಕೊಂಡು ಮನೆಗೆ ಬಂದಳು. ಮೂರು ತಿಂಗಳ ಸಂಬಳ ಹೋಯಿತು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಅರ್ಜಿ ತುಂಬುವ ಗಳಿಗೆಯಲ್ಲಿ ನೆನಪಾದುದು ಮಾತ್ರ ಅಪ್ಪನ ಪಂಚಾಂಗ.

ನಾನು ಬರೆದದ್ದು ಸತ್ಯವೇ. ಆದರೆ ಗಡಿಯಲ್ಲಿ ಕುಳಿತ ಅಧಿಕಾರಿಗೆ ಬೇಕಾದದ್ದು ಆ ಸತ್ಯವಲ್ಲ. ಆತ ಕಂಡರಿಯದ ಹೆಂಗಸೊಬ್ಬಳು ಎದುರಿಗೆ ನಿಂತಾಗ, ಪಾಸ್‌ಪೋರ್ಟಿನಲ್ಲಿರುವವಳೂ ವೀಸಾದಲ್ಲಿರುವವಳೂ ಒಬ್ಬಳೇ ಎಂದು ಅವನಿಗೆ ತಿಳಿಯುವುದು ಎರಡು ಕಾಗದಗಳೂ ಒಂದೇ ಮಾತನ್ನು ಆಡಿದಾಗ. ಒಂದು ತಾರೀಖು ಹೆಚ್ಚುಕಡಿಮೆಯಾದರೂ ಅವಳನ್ನು ಬೇರೆಯವಳೆಂದು ತಿಳಿಯುವುದರಲ್ಲಿ ಅವನ ತಪ್ಪೇನೂ ಇಲ್ಲ. ಅಷ್ಟು ದೂರ ಹೋಗುವುದೂ ಬೇಡ; ನಮ್ಮೂರಿನ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ವೀಸಾ ಸರಿಯಿಲ್ಲದವರನ್ನು ಕರೆದೊಯ್ದರೆ ತಾನೇ ಹಿಂದಕ್ಕೆ ತಂದುಬಿಡಬೇಕಾದ ಹೊರೆ ವಿಮಾನ ಸಂಸ್ಥೆಯ ಮೇಲೆ ಬೀಳುತ್ತದೆ. ಆದ್ದರಿಂದ ಅವರು ಮೊದಲೇ ಜಾಗರೂಕರಾಗಿರುತ್ತಾರೆ.

ಮಗಳು ಬಂದು ನೋಡಿದಳು. ನನ್ನನ್ನು ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಚ್ಚಾಗಿ ಬಂದ ವೀಸಾವನ್ನು ನಾವು ತಿದ್ದುವಂತಿಲ್ಲ. ಹೊಸದಾಗಿ ಅರ್ಜಿ ಹಾಕಿ ನೋಡುವುದೊಂದೇ ದಾರಿ ಎಂದಳು. ಶುಕ್ರವಾರ ರಾತ್ರಿಯೇ ಹಾಕಿದೆವು. ಮತ್ತೆ 25 ಡಾಲರು, ಎರಡು ಸಾವಿರ ರೂಪಾಯಿಗೆ ಮೇಲ್ಪಟ್ಟ ಹಣ. ಅದರ ಮಾತಿರಲಿ. ಶನಿವಾರ ಭಾನುವಾರಗಳು ಕೆಲಸದ ದಿನಗಳಲ್ಲ. ಸೋಮವಾರ, ಮಂಗಳವಾರ, ಬುಧವಾರ, ಅಲ್ಲಿಗೆ ಮೂರು. ಬುಧವಾರ ರಾತ್ರಿಯೇ ವಿಮಾನ.

ಭಾನುವಾರ ಮಧ್ಯಾಹ್ನ ಊಟವಾದಮೇಲೆ ಅಕ್ಕ ಹೇಳಿದಳು: "ಬರದಿದ್ದರೆ ನೀವಿಬ್ಬರೂ ಹೋಗಿ ಬನ್ನಿ. ನನಗೇನು, ಪುಸ್ತಕದಲ್ಲಿ ನೋಡಿದ್ದೇನಲ್ಲ." ನನ್ನ ಹೆಂಡತಿ ತಟ್ಟೆ ತೊಳೆಯುತ್ತಿದ್ದವಳು ಅಲ್ಲಿಂದಲೇ, "ನೀವು ಬರದಿದ್ದರೆ ನಮಗೆ ಆ ಕಲ್ಲುಗಳ ಹತ್ತಿರ ಏನು ಕೆಲಸ, ಅಕ್ಕ?" ಎಂದಳು. ಆಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ಅಂದು ಸಂಜೆಯೇ ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ದೂರವಾಣಿಯಲ್ಲಿ ಮಾತಾಡಿದ. ಅವನ ಮಗು ಹುಟ್ಟಿದ್ದು ಅಲ್ಲಿ. ಅದರ ಪಾಸ್‌ಪೋರ್ಟೂ ಅಲ್ಲಿಯದು. ಬರುವ ಬೇಸಗೆಯಲ್ಲಿ ಅಜ್ಜಿಯ ಮನೆಗೆ ಕರೆತರಲು ಆ ಕೂಸಿಗೂ ಭಾರತದ ವಿದ್ಯುನ್ಮಾನ ಪ್ರವಾಸಿ ವೀಸಾಕ್ಕೆ ಅರ್ಜಿ ತುಂಬುತ್ತಿರುವುದಾಗಿ ಹೇಳಿದ. ನಾನು ನಿಯಮಗಳನ್ನು ಶಪಿಸಲು ಬಾಯಿ ತೆರೆಯುತ್ತಿದ್ದೆ. ಅಕ್ಕ ತಡೆದಳು. "ನಮ್ಮ ಕೂಸು ನಮ್ಮ ಮನೆಗೆ ಬರುವುದಕ್ಕೇ ಇಷ್ಟು ಕಾಗದ ಬೇಕಾದರೆ, ನಾನು ಇನ್ನೊಬ್ಬರ ದೇಶಕ್ಕೆ ಹೋಗುವುದಕ್ಕೆ ಬೇಡವೇನೋ?"

ಸೋಮವಾರ ನೋಡಿದೆವು. ನೋಂದಣಿಯ ಸಂಕೇತ, ಇ-ಮೇಲ್ ವಿಳಾಸ, ಹುಟ್ಟಿದ ದಿನ, ಈ ಮೂರನ್ನು ಕೊಟ್ಟರೆ ಅರ್ಜಿ ಎಲ್ಲಿಯವರೆಗೆ ಬಂದಿದೆಯೆಂದು ತಾಣವೇ ತಿಳಿಸುತ್ತದೆ. ಇನ್ನೂ ಪರಿಶೀಲನೆಯಲ್ಲಿದೆ ಎಂದಿತು. ಮಂಗಳವಾರವೂ ಅದೇ ಉತ್ತರ. ಬುಧವಾರ ಬೆಳಗ್ಗೆಯೂ ಅದೇ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದು. ನಮಗೆ ಮೂರೂವರೆಯಾದಾಗ ಅವರಿಗೆ ಐದು. ಎರಡಾಯಿತು. ಎರಡೂವರೆಯಾಯಿತು. ಅಕ್ಕ ತನ್ನ ಪೆಟ್ಟಿಗೆಯಿಂದ ಕೋಡುಬಳೆಯ ಡಬ್ಬವನ್ನು ತೆಗೆದು, ಯಾರಿಗೂ ಕಾಣಬಾರದೆಂಬಂತೆ, ನನ್ನ ಹೆಂಡತಿಯ ಪೆಟ್ಟಿಗೆಗೆ ಹಾಕುತ್ತಿದ್ದುದನ್ನು ನಾನು ಕಂಡೆ. ಆ ಕ್ಷಣದಲ್ಲಿ ನನಗೆ ಆದಷ್ಟು ನಾಚಿಕೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ಮಗಳು ಕಚೇರಿಯಿಂದ ಕರೆದು, "ಬಂತು" ಎಂದಳು. ಈ ಸಲ ಅದನ್ನು ಮೊದಲು ಓದಿದವಳು ಅಕ್ಕ. ಹೆಸರು, ಸಂಖ್ಯೆ, ತಾರೀಖು, ಮತ್ತೆ ಹೆಸರು. ಎರಡು ಸಲ ಓದಿ, "ಜೂನ್ 1. ಮೇಷ್ಟ್ರು ಗೆದ್ದರು" ಎಂದಳು.

ಮೀ ಸನ್ ಕಣಿವೆಯ ವಿಷಯ ಬರೆಯಹೊರಟರೆ ಈ ಪುಟ ಸಾಲದು. ಹೊಯ್ ಆನ್ ಎಂಬ ಹಳೆಯ ಪಟ್ಟಣದಿಂದ ಅದು ಸುಮಾರು 40 ಕಿಲೋಮೀಟರ್. ಸುತ್ತಲೂ ಹಸುರು ಬೆಟ್ಟಗಳು, ನಡುವೆ ಕೆಂಪು ಇಟ್ಟಿಗೆಯ ಗೋಪುರಗಳು, ಅವುಗಳ ಪಕ್ಕದಲ್ಲಿಯೇ ಬಾಂಬು ಬಿದ್ದ ಹಳ್ಳಗಳು. ಶಾಸನದ ಕಲ್ಲೊಂದರ ಮುಂದೆ ಅಕ್ಕ ಬಹಳ ಹೊತ್ತು ನಿಂತಳು. ನಮ್ಮ ಹಳಗಾಲದ ಲಿಪಿಗಳ ಬಳಗಕ್ಕೆ ಸೇರಿದ ಆ ಅಕ್ಷರಗಳನ್ನು ಓದಲು ಅವಳಿಗೆ ಬರುವುದಿಲ್ಲ. ಆದರೂ ಬಿಟ್ಟು ಬರಲು ಮನಸ್ಸಾಗಲಿಲ್ಲ. ಮಂಡಿನೋವಿನ ಮಾತನ್ನು ಅಂದು ಯಾರೂ ಎತ್ತಲಿಲ್ಲ.

ಇನ್ನು ನನ್ನ ಅರಿಕೆ. ಹಿಂದೆ ನಾವು ಏನೇ ತಪ್ಪು ಬರೆದರೂ ಕಿಟಕಿಯ ಆಚೆ ಕುಳಿತ ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡಿ, ಗೊಣಗಿ, ಅರ್ಜಿಯನ್ನು ನಮ್ಮ ಮುಖಕ್ಕೇ ಹಿಂದಿರುಗಿಸುತ್ತಿದ್ದ. ಅವನನ್ನು ನಾವು ಬೈದುಕೊಂಡೆವು. ಅವನು ನಮ್ಮನ್ನು ಎಷ್ಟು ಸಲ ಕಾಪಾಡಿದನೆಂದು ಎಣಿಸಲಿಲ್ಲ. ಈಗ ಆ ಕಿಟಕಿ ನಮ್ಮ ಮನೆಯೊಳಗೇ ಬಂದಿದೆ. ಆ ಗುಮಾಸ್ತೆಯ ಕೆಲಸವೂ ನಮ್ಮದೇ ಆಗಿದೆ. ಆದ್ದರಿಂದ ಅರ್ಜಿ ತುಂಬುವಾಗ ಪಾಸ್‌ಪೋರ್ಟು ಕೈಯಲ್ಲಿರಲಿ; ನೆನಪಿನಿಂದ ಒಂದಕ್ಷರವನ್ನೂ ಬರೆಯಬೇಡಿ, ಅದು ಹೆತ್ತ ತಾಯಿಯ ಹೆಸರಾದರೂ ಸರಿಯೆ. ಒಬ್ಬರು ತುಂಬಿದ್ದನ್ನು ಕಳುಹಿಸುವ ಮೊದಲು ಇನ್ನೊಬ್ಬರು ಓದಲಿ. ವೀಸಾ ಬಂದ ದಿನವೇ ಅದನ್ನು ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ತಾಳೆ ನೋಡಿ. ವೀಸಾ ಆರಂಭವಾಗುವ ದಿನಕ್ಕಿಂತ ಮೊದಲು ಆ ನೆಲದಲ್ಲಿ ಇಳಿಯುವಂತಿಲ್ಲವೆಂಬುದನ್ನು ಮರೆಯಬೇಡಿ. ನಡುರಾತ್ರಿಯ ವಿಮಾನಗಳಲ್ಲಿ ಇದು ತಪ್ಪುವುದುಂಟು. ಮೂರು ದಿನವೆಂದು ಹೇಳಿದ್ದಾರೆಂದು ಮೂರೇ ದಿನ ಇಟ್ಟುಕೊಳ್ಳದೆ ಎರಡು ಮೂರು ವಾರ ಮೊದಲೇ ಅರ್ಜಿ ಹಾಕಿ. ಅವರ ಹೊಸವರ್ಷದ ಟೆಟ್ ಹಬ್ಬ, ಏಪ್ರಿಲ್ 30, ಮೇ 1, ಸೆಪ್ಟೆಂಬರ್ 2, ಇವು ಅವರ ರಜೆಯ ದಿನಗಳು. ನಮ್ಮ ವೀಸಾ ಗಳಿಗೆಗೆ ಸರಿಯಾಗಿ ಬಂದದ್ದು ಅಕ್ಕನ ಪುಣ್ಯದಿಂದ. ಅದನ್ನು ನಿಯಮವೆಂದು ಯಾರೂ ನಂಬಕೂಡದು.

ಮನೆಯ ಹಿರಿಯರ ಅರ್ಜಿಯನ್ನು ತುಂಬುವ ಕಿರಿಯರಿಗೆ ಇನ್ನೊಂದು ಮಾತು. ಅವರಿಗೇನು ತಿಳಿಯುತ್ತದೆ ಎಂದುಕೊಳ್ಳದೆ, ತುಂಬಿದ ಕಾಗದವನ್ನು ಅವರ ಕೈಗೇ ಕೊಡಿ. ಹೋಗುವವರು ಅವರು, ಕಾಗದದಲ್ಲಿರುವುದೂ ಅವರೇ. ಅವರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಿಂದಿರುಗಿ ಬಂದಮೇಲೆ ಆ ಕೆಲಸಕ್ಕೆ ಬಾರದ ಮೊದಲನೆಯ ವೀಸಾವನ್ನು ಹರಿದುಹಾಕಲು ಕೈಗೆತ್ತಿಕೊಂಡೆ. ಅಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಂಡಳು.

"ಕೊಡೋ ಇಲ್ಲಿ. ಇಷ್ಟು ವರ್ಷಗಳಲ್ಲಿ ನಾನು ಹುಟ್ಟಿದ ನಿಜವಾದ ದಿನವನ್ನು ಒಂದು ಸರಕಾರ ಒಪ್ಪಿಕೊಂಡು ಅಚ್ಚುಹಾಕಿ ಕೊಟ್ಟದ್ದು ಇದೊಂದೇ."

ಅದು ಈಗ ಮೈಸೂರಿನ ಮನೆಯಲ್ಲಿ, ಅಪ್ಪನ ಹಳೆಯ ಪಂಚಾಂಗದೊಳಗೆ, ಅವರು ಬರೆದ ಆ ಸಾಲಿರುವ ಪುಟದಲ್ಲಿಯೇ ಇದೆ.